ವಾಸಕ್ಕೆ ಯೋಗ್ಯವಾದ ಬಡಾವಣೆ ಯಾವುದು?

ಗೃಹಸ್ಥನಾದವನು ಎಂತಹ ಊರಿನಲ್ಲಿ ನೆಲಸಬೇಕೆಂಬ ವಿಚಾರವನ್ನು ನಮ್ಮ ಪ್ರಾಚೀನ ನೀತಿಕಾರರು ಬಹುಕಾಲದ ಹಿಂದೆಯೇ ಮಾಡಿರುವರು. ಹಣವುಳ್ಳವನು, ವೇದವಿದ್ಯೆಯನ್ನು ಬಲ್ಲವನು, ಅರಸು, ನದಿ, ವೈದ್ಯ ಎಂಬ ಐದೂ ಇರುವ ಸ್ಥಳವೇ ವಾಸಕ್ಕೆ ತಕ್ಕುದೆಂಬುದು ಅವರ ಮತ. ಈ ಪಟ್ಟಿಯನ್ನು ಇಂದಿನ ಕಾಲಕ್ಕೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ಹಣವುಳ್ಳವನ ಸ್ಥಾನದಲ್ಲಿ ಉದ್ಯೋಗವನ್ನೂ, ವಿದ್ವಾಂಸನ ಸ್ಥಾನದಲ್ಲಿ ಪಾಠಶಾಲೆಯನ್ನೂ, ಅರಸಿನ ಸ್ಥಾನದಲ್ಲಿ ನಗರಾಡಳಿತವನ್ನೂ, ನದಿಯ ಸ್ಥಾನದಲ್ಲಿ ಕೊಳಾಯಿಯ ನೀರನ್ನೂ, ವೈದ್ಯನ ಸ್ಥಾನದಲ್ಲಿ ಆಸ್ಪತ್ರೆಯನ್ನೂ ಇಟ್ಟುಕೊಂಡರಾಯಿತು. ಆದರೆ ಆ ಪಟ್ಟಿಯಲ್ಲಿ ಗಾಳಿಯ ಹೆಸರಿಲ್ಲ; ದಾರಿಯ ಹೆಸರೂ ಇಲ್ಲ. ಅದು ಅವರ ಮರೆವೆಂದು ನಾವು ಎಣಿಸುವುದಿಲ್ಲ. ಉಸಿರಾಡುವ ಗಾಳಿಗೆ ಕೊರತೆ ಬಂದೀತೆಂದಾಗಲಿ, ಮಗುವೊಂದು ಪಾಠಶಾಲೆಯನ್ನು ಸೇರುವುದಕ್ಕೆ ಒಂದೂಕಾಲು ಗಂಟೆ ಹೊಗೆಯ ನಡುವೆ ಕುಳಿತಿರಬೇಕಾದೀತೆಂದಾಗಲಿ ಅವರು ಕನಸಿನಲ್ಲಿಯೂ ಎಣಿಸಿರಲಾರರು.

ಈ ಎರಡನ್ನೂ ಸೇರಿಸಿಕೊಂಡು ಆಲೋಚಿಸಬೇಕಾದ ಕಾಲ ಈಗ ಬಂದಿದೆ. ಬೆಂಗಳೂರಿನಲ್ಲಿ ಮನೆ ಮಾಡಲು ಹೊರಟ ಸ್ನೇಹಿತರು ನಮ್ಮನ್ನು ಕೇಳುವುದುಂಟು: “ನೀವು ಉಪಾಧ್ಯಾಯರಾಗಿದ್ದವರು. ಶಾಲೆಯನ್ನು ನೋಡಿ ಮನೆ ಹಿಡಿಯಬೇಕೋ, ಮನೆಯನ್ನು ನೋಡಿ ಶಾಲೆಗೆ ಸೇರಿಸಬೇಕೋ?” ಈ ಪ್ರಶ್ನೆಗೆ ನಾವು ಒಮ್ಮೆ ತಪ್ಪು ಉತ್ತರವನ್ನು ಕೊಟ್ಟೆವು. ಕೊಟ್ಟುದು ಪರರಿಗಲ್ಲ, ನಮ್ಮ ಮನೆಯವರಿಗೇ. ಅದನ್ನು ಮುಚ್ಚಿಡದೆ ಹೇಳಿದರೆ ವಾಚಕರಲ್ಲಿ ಕೆಲವರಿಗಾದರೂ ಉಪಯೋಗವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಗನೂ ಸೊಸೆಯೂ ನಗರದ ಪೂರ್ವಭಾಗದ ಒಂದು ಹೊಸ ಬಡಾವಣೆಯಲ್ಲಿ ಮನೆ ನೋಡಿದರು. ಇಬ್ಬರ ಕಛೇರಿಗಳೂ ಅಲ್ಲಿಗೆ ಹತ್ತಿರ. ಮನೆ ವಿಶಾಲವಾಗಿತ್ತು, ಬಾಡಿಗೆಯೂ ಕೈಗೆ ಎಟುಕುವಂತಿತ್ತು. ಮಗುವಿನ ಶಾಲೆಯ ವಿಷಯ ಬಂದಾಗ ನಮ್ಮ ಅಭಿಪ್ರಾಯವನ್ನು ಕೇಳಿದರು. “ಮನೆ ಎಲ್ಲಿಯಾದರೂ ಇರಲಿ, ಶಾಲೆ ಮಾತ್ರ ಉತ್ತಮವಾದುದಾಗಿರಬೇಕು” ಎಂದು ನಾವು ಗಂಭೀರವಾಗಿ ನುಡಿದೆವು. ಹೆಸರುವಾಸಿಯಾದ ಆ ಶಾಲೆ ಮನೆಗೆ ಹದಿನಾಲ್ಕು ಕಿಲೋಮೀಟರು ದೂರ. ದೂರವೆಂಬುದು ನಮಗೆ ಆಗ ದೊಡ್ಡ ಸಂಗತಿಯಾಗಿ ತೋರಲಿಲ್ಲ. ಬಾಲ್ಯದಲ್ಲಿ ನಾವೂ ದೂರ ನಡೆದೇ ಓದಿದವರಲ್ಲವೇ ಎಂಬ ಅಭಿಮಾನ ಬೇರೆ.

ಮುಂದಿನ ಚಳಿಗಾಲದಲ್ಲಿ ಒಂದು ತಿಂಗಳು ಅವರೊಡನೆ ಇದ್ದೆವು. ಏಳು ವರ್ಷದ ಮೊಮ್ಮಗಳು ಬೆಳಗ್ಗೆ ಆರೂ ಮುಕ್ಕಾಲಿಗೆ ವ್ಯಾನನ್ನು ಹತ್ತುತ್ತಿದ್ದಳು. ಮಕ್ಕಳನ್ನು ಅಲ್ಲಲ್ಲಿ ಹತ್ತಿಸಿಕೊಂಡು ಅದು ಶಾಲೆಯನ್ನು ಮುಟ್ಟುವ ಹೊತ್ತಿಗೆ ಎಂಟು. ಸಂಜೆಯೂ ಅದೇ ಲೆಕ್ಕ. ಒಂದು ದಿನ ವ್ಯಾನು ಕೆಟ್ಟುನಿಂತುದರಿಂದ ಆಟೋರಿಕ್ಷಾದಲ್ಲಿ ನಾವೇ ಅವಳನ್ನು ಕರೆದುಕೊಂಡು ಹೋದೆವು. ದೊಡ್ಡ ಸಿಗ್ನಲ್ ಹತ್ತಿರವಾಗುತ್ತಲೇ ಮಗು, ಯಾರೂ ಹೇಳದೆಯೇ, ಜೇಬಿನಿಂದ ಕರವಸ್ತ್ರವನ್ನು ತೆಗೆದು ಮೂಗಿಗೆ ಹಿಡಿದುಕೊಂಡಿತು. ಹಸಿರು ದೀಪ ಬಂದೊಡನೆ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡಿತು. “ಇದೇನಮ್ಮಾ?” ಎಂದು ಕೇಳಿದರೆ, “ಇಲ್ಲಿ ಎಲ್ಲರೂ ಹೀಗೇ ಮಾಡ್ತೀವಿ, ತಾತ” ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಅಂದು ಮಗುವೇ ಪಾಠ ಹೇಳಿದಂತಾಯಿತು. ರಾತ್ರಿ ಅವಳ ಕೆಮ್ಮನ್ನು ಕೇಳುತ್ತ ಮಲಗಿದ್ದಾಗ ಸೊಸೆ ಹೇಳಿದ ಮಾತು ಇನ್ನೂ ನೆನಪಿದೆ: “ಶಾಲೆ ಒಳ್ಳೆಯದೇ, ಮಾವನವರೇ. ಆದರೆ ಅಲ್ಲಿಗೆ ಹೋಗುವಷ್ಟರಲ್ಲೇ ಮಗು ದಣಿದಿರುತ್ತೆ. ಬಂದ ಮೇಲೆ ನಮಗೆ ಸಿಕ್ಕುವುದು ಅದರ ನಿದ್ದೆ ಮಾತ್ರ.”

ಲೆಕ್ಕ ಹಾಕಿ ನೋಡಿದೆವು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಐದನೆಯ ತರಗತಿಯವರೆಗಿನ ಮಕ್ಕಳಿಗೆ ವರ್ಷಕ್ಕೆ ೨೦೦ ದಿನಗಳಿಗೆ ಕಡಿಮೆಯಿಲ್ಲದಂತೆ ೮೦೦ ಗಂಟೆಗಳ ಪಾಠವನ್ನು ವಿಧಿಸಿದೆ. ದಿನಕ್ಕೆ ಎರಡೂವರೆ ಗಂಟೆ ದಾರಿಯಲ್ಲಿ ಕಳೆದರೆ ೨೦೦ ದಿನಗಳಿಗೆ ೫೦೦ ಗಂಟೆಯಾಯಿತು. ಎಂಟು ಗಂಟೆಯ ವಿದ್ಯೆಗೆ ಐದು ಗಂಟೆಯ ದಾರಿಯ ಸುಂಕ! ಯಾವ ಶಾಲೆಯ ಯಾವ ಪಾಠಕ್ರಮ ಈ ಸುಂಕವನ್ನು ತೀರಿಸಬಲ್ಲದು? ಅದೇ ಕಾಯಿದೆಯ ಕೆಳಗೆ ೨೦೧೦ರಲ್ಲಿ ಹೊರಟ ಕೇಂದ್ರ ಸರ್ಕಾರದ ನಿಯಮಗಳು, ಐದನೆಯ ತರಗತಿಯವರೆಗಿನ ಶಾಲೆ ಮಗುವಿಗೆ ೧ ಕಿಲೋಮೀಟರಿನ ನಡಗೆಯ ಅಳತೆಯಲ್ಲಿಯೂ, ಎಂಟನೆಯದರವರೆಗಿನದು ೩ ಕಿಲೋಮೀಟರಿನೊಳಗೂ ಇರಬೇಕೆನ್ನುತ್ತವೆ. ಶಾಸನವನ್ನು ಬರೆದವರು ಮಗುವಿನ ಕಾಲನ್ನು ಅಳತೆಗೋಲಾಗಿ ಹಿಡಿದರು. ನಾವಾದರೋ ಶಾಲೆಯ ಕೀರ್ತಿಯನ್ನು ಹಿಡಿದೆವು.

ಇದು ನಮ್ಮ ಮನೆಯೊಂದರ ಸಂಕಟವಲ್ಲ. ಟಾಮ್‌ಟಾಮ್ ಎಂಬ ಸಂಸ್ಥೆ ಜಗತ್ತಿನ ನಗರಗಳ ಸಂಚಾರದ ವೇಗವನ್ನು ವರ್ಷವರ್ಷವೂ ಅಳೆಯುತ್ತದೆ. ಅದರ ೨೦೨೨ರ ಗಣನೆಯಂತೆ ಬೆಂಗಳೂರಿನ ನಡುಭಾಗದಲ್ಲಿ ೧೦ ಕಿಲೋಮೀಟರು ಸಾಗಲು ಸರಾಸರಿ ೨೯ ನಿಮಿಷ ೧೦ ಸೆಕೆಂಡು ಬೇಕಾಗಿತ್ತು. ಗಣನೆಗೆ ಬಂದ ನಗರಗಳಲ್ಲಿ ಇದಕ್ಕಿಂತ ಮಂದವಾದುದು ಲಂಡನ್ ಒಂದೇ. ಇದು ಸರಾಸರಿಯೆಂಬುದನ್ನು ಮರೆಯಬಾರದು; ಶಾಲೆಯ ವೇಳೆ ಸರಾಸರಿಯ ವೇಳೆಯಲ್ಲ.

ಇನ್ನು ಗಾಳಿಯ ಮಾತು. ವೈದ್ಯರು ಮುಖ್ಯವಾಗಿ ಅಂಜುವುದು ಕಣ್ಣಿಗೆ ಕಾಣುವ ಧೂಳಿಗಲ್ಲ; ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲಿನಷ್ಟಿರುವ ಸೂಕ್ಷ್ಮಕಣಗಳಿಗೆ. ಇವು ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನಮೀಟರು ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ ೪೦ ಮೈಕ್ರೋಗ್ರಾಮನ್ನು ಮೀರಬಾರದೆಂದು ನಮ್ಮ ದೇಶದ ೨೦೦೯ರ ಮಾನ. ೫ನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ೨೦೨೧ರ ಮಾನ. ಬೆಂಗಳೂರಿನ ಗಾಳಿ ದೆಹಲಿಯಷ್ಟು ಕೆಟ್ಟಿಲ್ಲವೆಂಬುದು ನಿಜ. ಆದರೆ ಎರಡನೆಯ ಮಾನವನ್ನು ಅದು ಅನೇಕ ಪಾಲು ಮೀರಿದೆ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು ಕಳವಳಪಡಬೇಕಾದ ಸಂಗತಿ. ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ; ಅದರ ಎತ್ತರವೂ ವಾಹನಗಳ ಹೊಗೆಕೊಳವೆಗೆ ಸಮೀಪ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ದಕ್ಷಿಣಭಾಗದಲ್ಲಿ ೩,೬೭೭ ಮಕ್ಕಳನ್ನು ಸುಮಾರು ಹತ್ತನೆಯ ವಯಸ್ಸಿನಿಂದ ಎಂಟು ವರ್ಷಗಳ ಕಾಲ ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ವರದಿಯೊಂದುಂಟು. ಹೆದ್ದಾರಿಗೆ ೫೦೦ ಮೀಟರಿನೊಳಗೆ ಬೆಳೆದ ಮಕ್ಕಳ ಶ್ವಾಸಕೋಶ, ೧,೫೦೦ ಮೀಟರಿನಾಚೆ ಬೆಳೆದವರದಷ್ಟು ಬೆಳೆಯಲಿಲ್ಲವೆಂದು ಅದರಲ್ಲಿ ಕಂಡುಬಂದಿತು. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ೩೯ ಶಾಲೆಗಳ ೨,೭೧೫ ಮಕ್ಕಳ ಜ್ಞಾಪಕಶಕ್ತಿಯನ್ನು ಒಂದು ವರ್ಷ ಅಳೆದು ನೋಡಿದರು. ೨೦೧೫ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ, ಗಾಳಿ ಶುದ್ಧವಾಗಿದ್ದ ಶಾಲೆಗಳ ಮಕ್ಕಳಲ್ಲಿ ಆ ಶಕ್ತಿ ನೂರಕ್ಕೆ ೧೧.೫ರಷ್ಟು ಬೆಳೆದಿದ್ದರೆ, ವಾಹನದ ಹೊಗೆ ಹೆಚ್ಚಾಗಿದ್ದ ಶಾಲೆಗಳ ಮಕ್ಕಳಲ್ಲಿ ೭.೪ರಷ್ಟು ಮಾತ್ರ ಬೆಳೆದಿತ್ತು. ಶಾಲೆ, ಗಾಳಿ, ಸಂಚಾರ ಎಂಬುವು ಮೂರು ಬೇರೆಬೇರೆ ತಕ್ಕಡಿಗಳೆಂದು ನಾವು ತಿಳಿದಿದ್ದೆವು. ಅವು ಒಂದೇ ತಕ್ಕಡಿಯೆಂಬುದು ಈಗ ತಿಳಿಯುತ್ತದೆ. ಹೊಗೆಯ ನಡುವೆ ಕುಳಿತ ಮಗು ಉತ್ತಮ ಶಾಲೆಯಲ್ಲಿದ್ದರೂ ಉತ್ತಮವಾಗಿ ಕಲಿಯಲಾರದು.

ವಿಚಿತ್ರವೇನೆಂದರೆ, ನಮ್ಮಲ್ಲಿ ಬಡಾವಣೆಗಳು ವಿಸ್ತರಿಸಿದ್ದೇ ಆರೋಗ್ಯಕ್ಕಾಗಿ. ೧೮೯೮ರಲ್ಲಿ ಪ್ಲೇಗು ಬೆಂಗಳೂರಿನ ಇಕ್ಕಟ್ಟಾದ ಪೇಟೆಯನ್ನು ಹೊಕ್ಕಿತು. ಆ ಭೀತಿಯ ಫಲವಾಗಿ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳನ್ನೂ ಮನೆಗಳ ನಡುವೆ ತೆರಪನ್ನೂ ಬಿಟ್ಟು ನಿರ್ಮಿತವಾದುವು. ೧೯೪೮ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಗಾಳಿ ಬೆಳಕಿಗಾಗಿ ಬಿಟ್ಟ ಆ ಅಗಲವಾದ ಬೀದಿಗಳಲ್ಲಿ ಹಲವು ಇಂದು ವಾಹನಗಳ ಹೊಳೆಯಾಗಿವೆ. ಆದುದರಿಂದ ಬಡಾವಣೆಯ ಹೆಸರನ್ನು ಕೇಳಿ ಸಮಾಧಾನಪಡಬಾರದು. ಒಂದೇ ಬಡಾವಣೆಯಲ್ಲಿ ಮುಖ್ಯರಸ್ತೆಯ ಮನೆ ಬೇರೆ, ಮೂರನೆಯ ಅಡ್ಡರಸ್ತೆಯ ಮನೆ ಬೇರೆ. ದೊಡ್ಡ ರಸ್ತೆಯ ಹೊಗೆಯ ಬಾಧೆ ಹೆಚ್ಚಾಗಿ ತಟ್ಟುವುದು ೩೦೦ರಿಂದ ೫೦೦ ಮೀಟರಿನವರೆಗೆಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ ೨೦೧೦ರಲ್ಲಿ ನಿರ್ಣಯಿಸಿದೆ. ನಾಲ್ಕು ಬೀದಿ ಒಳಕ್ಕೆ ಸರಿದರೂ ಲಾಭವುಂಟು.

ಹಾಗಾದರೆ ಊರಿನ ಹೊರಗೆ, ಗಾಳಿ ಚೆನ್ನಾಗಿರುವಲ್ಲಿ ಮನೆ ಮಾಡೋಣವೆಂದು ಕೆಲವರು ಹೇಳಬಹುದು. ಅಲ್ಲಿಯೂ ಎಚ್ಚರಿಕೆ ಬೇಕು. ೨೦೨೪ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಹೊರವಲಯದ ಅನೇಕ ಬಡಾವಣೆಗಳು ಟ್ಯಾಂಕರಿನ ನೀರಿಗಾಗಿ ಕಾದು ನಿಂತುವು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಐದನೆಯ ಹಂತ ಆರಂಭವಾಯಿತು. ಆದರೂ ನಾವು ನೋಡುವ ಬೀದಿಗೆ ಕೊಳಾಯಿ ಬಂದಿದೆಯೇ ಎಂದು ಅಕ್ಕಪಕ್ಕದವರನ್ನೇ ಕೇಳಿ ತಿಳಿಯುವುದು ಲೇಸು. ಕೆರೆಯ ದಡದ ಮನೆಯೆಂದು ಮರುಳಾಗುವವರು, ೨೦೧೫ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದುದನ್ನೂ ಅದಕ್ಕೆ ಬೆಂಕಿ ಹತ್ತಿದುದನ್ನೂ ನೆನೆಯಬೇಕು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ಅದೇ ಭಾಗದ ಶ್ರೀಮಂತರ ಮನೆಗಳಿಗೂ ನೀರು ನುಗ್ಗಿತು. ರಾಜಕಾಲುವೆ ಎಲ್ಲಿ ಹರಿಯುತ್ತದೆಂಬುದನ್ನು ನೋಡದೆ ಮುಂಗಡ ಕೊಡಬಾರದು.

ಮನೆಯನ್ನು ನೋಡುವ ಕ್ರಮವನ್ನೂ ಹೇಳಿಬಿಡುವೆವು. ಭಾನುವಾರ ಬೆಳಗ್ಗೆ ನೋಡಿದ ಮನೆ ನೋಡಿದಂತಲ್ಲ. ಕೆಲಸದ ದಿನ ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಹೋಗಿರಿ. ಜಾಹೀರಾತಿನ “ಹದಿನೈದು ನಿಮಿಷ” ಯಾವ ವೇಳೆಯ ಹದಿನೈದು ನಿಮಿಷವೆಂಬುದು ಆಗ ಗೊತ್ತಾಗುವುದು. ಕಿಟಕಿಯ ಅಂಚನ್ನು ಬೆರಳಿನಿಂದ ಒರಸಿ ನೋಡಿರಿ. ಬೀದಿಯ ತುದಿಯಲ್ಲಿ ಕಸವನ್ನು ಸುಡುವರೋ ಎಂಬುದನ್ನು ಗಮನಿಸಿರಿ. ಮುಖ್ಯವಾಗಿ, ಮಗುವಿನ ಬೆನ್ನಿಗೆ ಪುಸ್ತಕದ ಚೀಲವನ್ನು ಹಾಕಿ, ಕೈಹಿಡಿದು ಶಾಲೆಯವರೆಗೆ ನಡೆದುನೋಡಿರಿ. ಎಷ್ಟು ರಸ್ತೆಗಳನ್ನು ದಾಟಬೇಕು, ಫುಟ್‌ಪಾತು ನಡೆಯುವವರಿಗಿದೆಯೋ ನಿಂತ ಗಾಡಿಗಳಿಗಿದೆಯೋ ಎಂಬುದನ್ನು ಯಾವ ನಕ್ಷೆಯೂ ಹೇಳಲಾರದು.

ಶಾಲೆಯನ್ನು ಪರೀಕ್ಷಿಸುವುದಕ್ಕೂ ಕಟ್ಟಡವನ್ನು ನೋಡಿದರೆ ಸಾಲದು. ಉಪಾಧ್ಯಾಯರು ಎಷ್ಟು ವರ್ಷಗಳಿಂದ ಅಲ್ಲಿದ್ದಾರೆಂದು ಕೇಳಿರಿ. ವರ್ಷವರ್ಷವೂ ಬದಲಾಗುವ ಕಡೆ ವಿದ್ಯೆ ಬೇರೂರುವುದಿಲ್ಲ. ಗ್ರಂಥಭಂಡಾರದ ಪುಸ್ತಕಗಳ ಅಂಚು ಸವೆದಿದೆಯೇ ನೋಡಿರಿ. ಆಟದ ಬಯಲನ್ನೂ ಶೌಚದ ಮನೆಯನ್ನೂ ನೋಡಿರಿ. ಈ ನಾಲ್ಕೂ ಸರಿಯಾಗಿದ್ದರೆ, ಕೀರ್ತಿಯಿಲ್ಲದ ಹತ್ತಿರದ ಶಾಲೆ ಕೀರ್ತಿವಂತವಾದ ದೂರದ ಶಾಲೆಗಿಂತ ಮೇಲು.

ನಮ್ಮ ಮಗ ಸೊಸೆಯರು ಮರುವರ್ಷ ಆ ಮನೆಯನ್ನು ಬಿಟ್ಟರು. ಅದೇ ಬಾಡಿಗೆಗೆ ಅರ್ಧದಷ್ಟು ಚಿಕ್ಕ ಮನೆ, ಒಳಬೀದಿಯಲ್ಲಿ. ಹತ್ತು ನಿಮಿಷದ ನಡಗೆಯಲ್ಲಿ ಹಳೆಯದೊಂದು ಅನುದಾನಿತ ಶಾಲೆ. ಕಛೇರಿಗಳು ಮಾತ್ರ ದೂರವಾದುವು. ಈಗ ಅವರಿಬ್ಬರೂ ಮೆಟ್ರೋ ರೈಲಿನಲ್ಲಿ ನಿಂತು ಹೋಗಿಬರುತ್ತಾರೆ. ಸೊಸೆಗೆ ಇದು ಸುಲಭವಾಗಲಿಲ್ಲವೆಂಬುದನ್ನು ನಾವು ಬಲ್ಲೆವು. ಬೆಳಗಿನ ಅಡಿಗೆಯಲ್ಲಿ ಕೈಯಿಕ್ಕುವುದನ್ನು ನಮ್ಮ ಮಗ ಆಗಲೇ ಕಲಿತನು. ಮಗುವಿನ ಕೆಮ್ಮು ಪೂರ್ತಿ ಹೋಯಿತೆಂದು ಹೇಳಲಾರೆವು, ಕಡಿಮೆಯಾಗಿದೆ. ಆದರೆ ಸಂಜೆ ಮನೆಗೆ ಬಂದವಳು ನಿದ್ದೆಹೋಗುವುದಿಲ್ಲ; ಶಾಲೆಯ ಕಥೆಯನ್ನು ಹೇಳುತ್ತಾಳೆ. ನಮಗೆ ತಿಳಿದುಬಂದ ಸೂತ್ರವಿಷ್ಟು: ಮನೆಯಲ್ಲಿ ಯಾರಿಗಾದರೂ ದಾರಿ ದೂರವಾಗಲೇಬೇಕಾದರೆ ಅದು ದೊಡ್ಡವರಿಗೆ ಆಗಲಿ. ನಮ್ಮ ಶ್ವಾಸಕೋಶ ಬೆಳೆದು ಮುಗಿದಿದೆ. ಅವರದು ಇನ್ನೂ ಬೆಳೆಯಬೇಕು.

ಹೀಗೆ ಆರಿಸಿಕೊಳ್ಳುವ ಅನುಕೂಲ ಎಲ್ಲರಿಗೂ ಇಲ್ಲವೆಂಬುದು ನಮಗೆ ಗೊತ್ತು. ರಸ್ತೆಯ ಅಂಚಿನಲ್ಲಿಯೇ ಬಾಳಬೇಕಾದ ಕುಟುಂಬಗಳು ಎಷ್ಟೋ ಇವೆ. ಆದುದರಿಂದ ಆರಿಸಿಕೊಳ್ಳಬಲ್ಲವರ ಮೇಲೆ ಒಂದು ಕರ್ತವ್ಯವೂ ಬೀಳುತ್ತದೆ. ಯಾವ ಹೊಗೆಗೆ ಹೆದರಿ ನಮ್ಮ ಮಗುವನ್ನು ಕಾರಿನಲ್ಲಿ ಕೂರಿಸುತ್ತೇವೆಯೋ, ಆ ಹೊಗೆಯನ್ನೇ ಶಾಲೆಯ ಬಾಗಿಲಲ್ಲಿ ನಡೆದು ಬರುವ ಮಕ್ಕಳ ಮುಖಕ್ಕೆ ಬಿಡುತ್ತೇವೆ. ಹತ್ತಿರದ ಶಾಲೆಗೆ ನಮ್ಮ ಮಕ್ಕಳೂ ನಡೆದುಹೋದರೆ ಆ ಶಾಲೆ ಚೆನ್ನಾಗಲಿ ಎಂದು ಕೇಳುವವರು ಹೆಚ್ಚುವರು. ಬೀದಿಯ ಗಾಡಿಗಳೂ ಅಷ್ಟು ಕಡಿಮೆಯಾಗುವುವು.

ನೀತಿಕಾರರ ಐದಕ್ಕೆ ಆರನೆಯದೊಂದನ್ನು ಸೇರಿಸುವುದಕ್ಕೆ ಅವರು ಕ್ಷಮಿಸುವರೆಂದು ನಂಬಿದ್ದೇವೆ: ಮಗು ಮೂಗಿಗೆ ಬಟ್ಟೆ ಹಿಡಿಯದೆ ನಡೆದುಹೋಗಬಲ್ಲ ದಾರಿ. ಅದು ಇರುವ ಬಡಾವಣೆಯಲ್ಲಿ ಮನೆ ಚಿಕ್ಕದಾದರೂ ಚಿಂತೆಯಿಲ್ಲ.