ಗೇರ್‌ ಬಾಕ್ಸ್‌ ಇಲ್ಲದ ಗಾಳಿಯಂತ್ರ

ನಮ್ಮ ಪಕ್ಕದ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಮೋಟಾರಿನ ವೇಗವನ್ನು ಗೇರುಗಳು ತಗ್ಗಿಸಿ ಕಿಲ್ನ್ ಅನ್ನು ನಿಧಾನವಾಗಿ ತಿರುಗಿಸುತ್ತವೆ. ಗಾಳಿಯಂತ್ರದಲ್ಲಿ ಇದು ತಿರುಗಾಮುರುಗಾ. ರೆಕ್ಕೆ ನಿಮಿಷಕ್ಕೆ ಸುಮಾರು 15 ಸುತ್ತು ತಿರುಗಿದರೆ, 50 ಹರ್ಟ್ಸ್ ವಿದ್ಯುತ್ತಿಗೆ ನಾಲ್ಕು ಧ್ರುವಗಳ ಜನರೇಟರ್ 1500 ಸುತ್ತು ತಿರುಗಬೇಕು. ನಡುವಿನ ಗೇರ್‌ ಬಾಕ್ಸ್‌ ಕೆಟ್ಟರೆ ಗೋಪುರದ ತುದಿಯಿಂದ ಇಳಿಸಲು ಭಾರಿ ಕ್ರೇನ್ ಬೇಕು.

ಗೇರನ್ನೇ ಬಿಟ್ಟರೆ? ಭೌತಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ: 120 × 50 ÷ 15 = 400 ಧ್ರುವಗಳು! ಅಷ್ಟು ಬೇಕಾಗುವುದಿಲ್ಲ, ಬಂದ ವಿದ್ಯುತ್ತನ್ನು ಡಿಸಿ ಮಾಡಿ, ಇನ್ವರ್ಟರ್ ಮತ್ತೆ 50 ಹರ್ಟ್ಸ್‌ಗೆ ತರುತ್ತದೆ. ಆದರೂ ಜನರೇಟರ್ ದೊಡ್ಡ ಬಳೆಯಷ್ಟು ಅಗಲವಾಗಲೇಬೇಕು. ಚಿತ್ರದುರ್ಗದ ಗುಡ್ಡಗಳ ಎನರ್ಕಾನ್ ಯಂತ್ರಗಳ ಮೂತಿ ದಪ್ಪಗಿರುವುದು ಇದಕ್ಕೇ. ಅವುಗಳಲ್ಲಿರುವುದು ತಾಮ್ರದ ತಂತಿ ಸುತ್ತಿದ ವಿದ್ಯುತ್ಕಾಂತಗಳು.

ನಿಯೋಡಿಮಿಯಂ ಕಾಂತ ಹಾಕಿದರೆ ತೂಕ ಇಳಿಯುತ್ತದೆ. ಆದರೆ ಅಂಥ ಕಾಂತಗಳ ಬಹುಪಾಲು ತಯಾರಾಗುವುದು ಚೀನಾದಲ್ಲಿ. ತೂಕ ಹೆಚ್ಚಾದರೂ ತಾಮ್ರದ ದಾರಿಯೇ ನಮಗೆ ವಾಸಿ ಎಂದು ನನಗನ್ನಿಸುತ್ತದೆ.