ಎಂಜಿನ್ ಬಣ್ಣಕ್ಕೆ ಬಿಸಿಗಿಂತ ಥಂಡಿಯೇ ದೊಡ್ಡ ವೈರಿ

ಆಯುಧ ಪೂಜೆಗೆ ಎರಡು ದಿನ ಇರುವಾಗ ಜೀಪಿನ ಬಾನೆಟ್ ಎತ್ತಿ, ಎಂಜಿನ್ ಮೇಲೆ ನೀರು ಬಿಟ್ಟು, ಒಂದು ಕೈ ಬಣ್ಣ ಬಳಿದು ಮುಗಿಸುವ ರೂಢಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇವತ್ತಿಗೂ ಇದೆ. ಪೂಜೆಯ ದಿನ ಹೂವು, ಕುಂಕುಮ, ಹೊಳೆಯುವ ಎಂಜಿನ್, ಎಲ್ಲ ಚಂದವೇ. ಮುಂದಿನ ಮಳೆಗಾಲ ಕಾಲಿಡುವಷ್ಟರಲ್ಲಿ ಅದೇ ಬಣ್ಣ ಹಪ್ಪಳದಂತೆ ಎದ್ದು, ಅಡಿಯಲ್ಲಿ ಕೆಂಪು ತುಕ್ಕು ಕಾಣಿಸುತ್ತದೆ. ಆಗ ಬರುವ ಮಾತು ಒಂದೇ: ಈಗಿನ ಬಣ್ಣವೆಲ್ಲ ಕಳಪೆ. ಬಹುಪಾಲು ಸಲ ಡಬ್ಬಿಯ ತಪ್ಪು ಏನೂ ಇರುವುದಿಲ್ಲ. ಯಾವ ಭಾಗಕ್ಕೆ ಯಾವ ಬಣ್ಣ, ಅದು ಯಾವುದಕ್ಕೆ ಮೈಯೊಡ್ಡಬೇಕು ಎಂದು ಕೇಳಿಕೊಳ್ಳದೆ ಬಳಿದದ್ದೇ ತಪ್ಪು.

“ಸಿಲ್ವರ್ ಬಣ್ಣ ಅಂದ್ರೆ ಬಿಸಿ ತಡೀತದೆ”

ಗೇಟಿಗೆ, ನೀರಿನ ಪೈಪಿಗೆ ಬಳಿಯುವ ಸಿಲ್ವರ್ ಪೇಂಟನ್ನೇ ಸೈಲೆನ್ಸರಿಗೂ ಬಳಿಯುವವರ ನಂಬಿಕೆ ಇದು. ಎರಡರಲ್ಲೂ ಇರುವುದು ಅಲ್ಯುಮಿನಿಯಂ ಪುಡಿಯೇ, ನೋಡಲಿಕ್ಕೂ ಒಂದೇ. ವ್ಯತ್ಯಾಸ ಇರುವುದು ಆ ಪುಡಿಯನ್ನು ಹಿಡಿದಿಡುವ ಅಂಟಿನಲ್ಲಿ. ಸಾಮಾನ್ಯ ಸಿಲ್ವರ್ ಪೇಂಟಿನ ಅಂಟು ಎಣ್ಣೆ ಮೂಲದ್ದು, ಮ್ಯಾನಿಫೋಲ್ಡಿನ ಬಿಸಿಗೆ ಸುಟ್ಟು ಬೂದಿಯಾಗುತ್ತದೆ. ಹೆಚ್ಚಿನ ಬಿಸಿ ತಡೆಯುವ ಬಣ್ಣದಲ್ಲಿ ಸಿಲಿಕೋನ್ ರಾಳ ಇರುತ್ತದೆ. ಬಿಸಿ ತಡೆಯುವ ಅಲ್ಯುಮಿನಿಯಂ ಪೇಂಟಿಗೆ ಐಎಸ್ 13183 ಎಂಬ ಭಾರತೀಯ ಮಾನಕವಿದೆ. ಅದರಲ್ಲಿ 600, 400 ಮತ್ತು 200 ಡಿಗ್ರಿ ಸೆಲ್ಸಿಯಸ್‌ ತಡೆಯುವ ಮೂರು ದರ್ಜೆಗಳಿವೆ. ಅಂಗಡಿಯಲ್ಲಿ ಕೇಳಬೇಕಾದ್ದು ‘ಸಿಲ್ವರ್ ಇದೆಯಾ’ ಎಂದಲ್ಲ, ‘ಎಷ್ಟು ಡಿಗ್ರಿಯದು’ ಎಂದು.

ಹಾಗಂತ ಇಡೀ ಎಂಜಿನ್ನಿಗೆ 600 ಡಿಗ್ರಿಯ ಬಣ್ಣ ತಂದು ಸುರಿಯುವುದೂ ದಂಡ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಎಂಜಿನ್ ಆರೋಗ್ಯವಾಗಿದ್ದರೆ ಬ್ಲಾಕು, ಚೇಂಬರು, ಟ್ಯಾಪೆಟ್ ಕವರುಗಳ ಹೊರಮೈ 120 ಡಿಗ್ರಿ ದಾಟುವುದು ಅಪರೂಪ. ಅರಬೈಲ್ ಘಾಟಿಯನ್ನು ಹೊರೆ ಹೊತ್ತು ಹತ್ತುವಾಗಲೂ ಕೆಂಪಗೆ ಕಾಯುವುದು ಮ್ಯಾನಿಫೋಲ್ಡು ಮತ್ತು ಟರ್ಬೊ ಮಾತ್ರ. ಡೀಸೆಲ್ ಗಾಡಿಯಲ್ಲಿ ಅಲ್ಲಿ 400–600 ಡಿಗ್ರಿ, ಪೆಟ್ರೋಲಿನಲ್ಲಿ ಇನ್ನೂ ಹೆಚ್ಚು. ಅದೇ ಹೊತ್ತಿಗೆ ರಸ್ತೆಯ ಹೊಂಡದ ತಣ್ಣೀರು ಅದರ ಮೇಲೆ ಎರಚುತ್ತದೆ. ಸಿಲಿಕೋನ್ ಬಣ್ಣ ಬೇಕಾದ್ದು ಆ ಒಂದೆರಡು ಭಾಗಕ್ಕೆ.

ಈ ಬಣ್ಣಕ್ಕೆ ಇನ್ನೊಂದು ಷರತ್ತು ಇದೆ, ಬಹಳ ಮಂದಿ ಅದನ್ನು ಓದುವುದೇ ಇಲ್ಲ. ಕೈಗೆ ಅಂಟದಷ್ಟು ಒಣಗಿದ ಮಾತ್ರಕ್ಕೆ ಅದು ಗಟ್ಟಿಯಾಗಿರುವುದಿಲ್ಲ. ಸಾಮಾನ್ಯವಾಗಿ 200 ಡಿಗ್ರಿಯ ಆಚೀಚೆ ಒಮ್ಮೆ ಬೇಯಬೇಕು. ಹಂತ ಹಂತವಾಗಿ ಬಿಸಿ ಮಾಡಿ, ಆರಲು ಬಿಟ್ಟು, ಮತ್ತೆ ಬಿಸಿ ಮಾಡಬೇಕು. ಎಷ್ಟು ಹೊತ್ತು ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ. ಮ್ಯಾನಿಫೋಲ್ಡಿಗೆ ಹೊಡೆದವರು ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಬಿಟ್ಟು ಆರಿಸಿ, ಮತ್ತೊಮ್ಮೆ ಇನ್ನಷ್ಟು ಹೊತ್ತು ಓಡಿಸಿ, ಆಮೇಲೆ ರಸ್ತೆಗಿಳಿಯಬೇಕು. ಹೊಡೆದ ಕೂಡಲೇ ಘಾಟಿ ಹತ್ತಿಸಿದರೆ ಗುಳ್ಳೆ ಏಳುವುದು ಖಂಡಿತ. ಅದರ ಅಡಿಗೆ ಸಾಮಾನ್ಯ ರೆಡ್ ಆಕ್ಸೈಡ್ ಹಾಕಲೇಬಾರದು. ಮೊದಲು ಸುಡುವುದು ಅದೇ, ಮೇಲಿನದನ್ನೂ ಕಿತ್ತುಕೊಂಡು ಹೋಗುತ್ತದೆ.

“ಬಿಸಿ ತಡೆದರೆ ಸಾಕು, ಮತ್ತೆಂತೂ ಆಗ್ತಿಲ್ಲೆ”

ಬೇರೆ ಊರಿನವರ ಸಲಹೆ ನಮ್ಮಲ್ಲಿ ಎಡವುವುದು ಇಲ್ಲಿಯೇ. ಅಡಿಕೆ ಸೀಮೆಯ ಗಾಡಿ ಎದುರಿಸುವುದು ಬಿಸಿಯನ್ನಷ್ಟೇ ಅಲ್ಲ, ಮೈಲುತುತ್ತ ಮತ್ತು ಸುಣ್ಣವನ್ನೂ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಮದ್ದಾಗಿ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಅಂದಿನಿಂದ ಮಳೆಗಾಲದ ಹೊಸ್ತಿಲಲ್ಲಿ ತೋಟಕ್ಕೆ ಔಷಧಿ ಹೊಡೆಯದೆ ಬೆಳೆ ಇಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬ್ಯಾರಲ್ಲುಗಳನ್ನು ಹೇರಿಕೊಂಡು ತೋಟದ ದಾರಿಗೆ ಇಳಿಯುವುದು ಇದೇ ಜೀಪು, ಇದೇ ಪಿಕಪ್ಪು.

ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುವುದು ಪ್ರತಿ ತೋಟಿಗರಿಗೂ ಗೊತ್ತು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಆ ಕೆಂಪು ತಾಮ್ರ. ಅದು ಕೂತಷ್ಟೂ ಕಬ್ಬಿಣ ಕರಗಿದೆ ಎಂದರ್ಥ. ಕತ್ತಿಯ ಮೇಲೆ ನಡೆಯುವುದೇ ಬಣ್ಣ ಎದ್ದ ಬ್ರಾಕೆಟ್ಟಿನ ಮೇಲೆ, ನಟ್ಟು ಬೋಲ್ಟಿನ ಮೇಲೆ, ಔಷಧಿ ಪಂಪಿನ ಎಂಜಿನ್ ಮೇಲೆ ನಡೆಯುತ್ತದೆ. ಅಲ್ಯುಮಿನಿಯಂ ಆದರೆ ಇನ್ನೂ ಕೆಟ್ಟದು. ಮೇಲೆ ಕೂತ ತಾಮ್ರದ ಕಣ ಒಂದೊಂದೂ ಥಂಡಿಯಲ್ಲಿ ಚಿಕ್ಕ ಬ್ಯಾಟರಿಯಾಗಿ, ಸುತ್ತಲಿನ ಲೋಹವನ್ನು ತಿಂದು ಗುಳಿ ಮಾಡುತ್ತದೆ. ಎಂಜಿನ್ ಚಾಲೂ ಇಟ್ಟು ತೋಟದ ಬದಿ ನಿಲ್ಲಿಸಿದ ಗಾಡಿಯ ಫ್ಯಾನು ಆ ತುಂತುರನ್ನು ಎಳೆದು ರೇಡಿಯೇಟರಿನ ಮೂಲಕವೇ ಒಳಗೆ ಹಾಯಿಸುತ್ತದೆ.

ಸುಣ್ಣ ಸರಿಯಾಗಿ ಬಿದ್ದರೆ ತಾಮ್ರದ ಕಾಟ ಕಡಿಮೆ. ಆದರೆ ಆಗ ಎಣ್ಣೆ ಮೂಲದ ಎನಾಮಲ್ಲಿಗೆ ಬೇರೆ ಗ್ರಹಚಾರ. ಎಣ್ಣೆಯೂ ಕ್ಷಾರವೂ ಸೇರಿದರೆ ಆಗುವುದು ಸಾಬೂನು. ಹೊಸ ಗಾರೆಯ ಗೋಡೆಗೆ ಆಯಿಲ್ ಪೇಂಟ್ ನಿಲ್ಲದಿರುವುದು ಇದರಿಂದಲೇ. ಔಷಧಿ ಪಂಪಿನ ಎಂಜಿನ್ನಿಗೆ ಎಷ್ಟು ಸಲ ಎನಾಮಲ್ ಬಳಿದರೂ ಮೆತ್ತಗಾಗಿ ಕಳಚಿ ಬರುವುದಕ್ಕೂ ಇದೇ ಕಾರಣ. ಇಲ್ಲಿ ಬೇಕಾದ್ದು ಎರಡು ಡಬ್ಬಿ ಬೆರೆಸಿ ಬಳಸುವ ಎಪಾಕ್ಸಿ, ಬಿಸಿಲಿಗೆ ಬೀಳುವ ಭಾಗವಾದರೆ ಅದರ ಮೇಲೊಂದು ಪಿಯು (ಪಾಲಿಯುರೆಥೇನ್) ಬಣ್ಣ. ಬ್ಲಾಕಿನ ಬಿಸಿಯನ್ನು ಎರಡೂ ತಾಳಿಕೊಳ್ಳುತ್ತವೆ, ಕ್ಷಾರಕ್ಕೂ ಡೀಸೆಲ್ಲಿಗೂ ಜಗ್ಗುವುದಿಲ್ಲ. ಖರ್ಚು ಹೆಚ್ಚೇ, ಇಲ್ಲವೆನ್ನಲಾರೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡುವಾಗ ಮೂಗಿಗೆ ಟವೆಲ್ ಸುತ್ತಿಕೊಂಡರೆ ಏನೂ ಪ್ರಯೋಜನವಿಲ್ಲ, ಕಾರ್ಬನ್ ಫಿಲ್ಟರಿನ ಮಾಸ್ಕನ್ನೂ ನೆಚ್ಚುವಂತಿಲ್ಲ, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮಾಸ್ಕೇ ಬೇಕು. ಒಮ್ಮೆ ಶ್ವಾಸಕೋಶಕ್ಕೆ ಅದರ ಅಲರ್ಜಿ ಅಂಟಿದರೆ ಬಿಡುವುದಿಲ್ಲ.

ಅಲ್ಯುಮಿನಿಯಂ ಭಾಗಕ್ಕೆ ಯಾವ ಬಣ್ಣವನ್ನೂ ನೇರ ಹೊಡೆಯಬೇಡಿ. ಎಚ್ ಪ್ರೈಮರ್ ಒಂದು ತೆಳು ಕೋಟು ಮೊದಲಿಗೆ ಬರಲಿ. ಹಳೆಯ ಭಾಗಗಳ ಮೇಲೆ ಹಳದಿ ಪ್ರೈಮರ್ ಕಂಡರೆ ಒಣದಾಗಿ ಉಜ್ಜಬೇಡಿ. ಅದು ಜಿಂಕ್ ಕ್ರೋಮೇಟ್ ಇರಬಹುದು, ಅದರ ಧೂಳು ಕ್ಯಾನ್ಸರ್‌ಕಾರಕ.

“ಡೀಸೆಲ್ಲಿನಲ್ಲಿ ತೊಳೆದ್ರೆ ಸ್ವಚ್ಛ ಆತು”

ಜಿಡ್ಡು ಕರಗಿಸಲಿಕ್ಕೆ ಡೀಸೆಲ್, ಸೀಮೆಎಣ್ಣೆ ಒಳ್ಳೆಯದೇ. ಆದರೆ ಅವು ಹೋಗುವಾಗ ತಮ್ಮದೇ ತೆಳುವಾದ ಎಣ್ಣೆಪದರ ಬಿಟ್ಟುಹೋಗುತ್ತವೆ, ಬಣ್ಣ ಕೂರುವುದು ಆ ಪದರದ ಮೇಲೆ. ಡೀಸೆಲ್ ಆದ ಮೇಲೆ ಬಿಸಿನೀರು–ಸೋಪಿನಪುಡಿಯಲ್ಲಿ ಬ್ರಶ್ ಹಾಕಿ ತಿಕ್ಕಬೇಕು, ತೊಳೆದು ಒಣಗಿಸಬೇಕು, ಕೊನೆಗೆ ಸ್ವಚ್ಛ ಬಟ್ಟೆಯಲ್ಲಿ ತಿನ್ನರ್ ತೆಗೆದುಕೊಂಡು ಒರೆಸಬೇಕು. ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತಿರಿ. ಬೀಡು ಕಬ್ಬಿಣದ ಬ್ಲಾಕಿನ ರಂಧ್ರಗಳಲ್ಲಿ ವರ್ಷಗಟ್ಟಲೆ ಆಯಿಲ್ ಕೂತಿರುತ್ತದೆ, ಸ್ವಲ್ಪ ಬಿಸಿ ಮಾಡಿದರೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಒರೆಸಿ, ಮತ್ತೆ ಬಿಸಿ ಮಾಡಿ, ಮತ್ತೆ ಒರೆಸಿ. ಬಿಸಿ ಮಾಡುವುದು ತಿನ್ನರ್ ಮುಟ್ಟಿಸುವ ಮೊದಲೇ ಮುಗಿಯಲಿ. ತಿನ್ನರ್ ಹಸಿ ಇರುವ ಭಾಗವನ್ನು ಒಣಗಲೆಂದು ಬಚ್ಚಲ ಒಲೆಯ ಹತ್ತಿರ ಇಡುವ ಧೈರ್ಯ ಯಾರಿಗೂ ಬೇಡ.

ಪ್ಯಾಕಿಂಗ್ ಸೋರುತ್ತಿದ್ದರೆ ಮೊದಲು ಪ್ಯಾಕಿಂಗ್ ಬದಲಿಸಿ. ಬಣ್ಣದಿಂದ ಸೋರಿಕೆ ನಿಲ್ಲುತ್ತದೆ ಎಂಬುದು ಗಾಡಿ ಮಾರುವವರ ನಂಬಿಕೆ, ಅದೂ ಮಾರುವ ದಿನದ ಮಟ್ಟಿಗೆ.

“ರಸ್ಟ್ ಕನ್ವರ್ಟರ್ ಹಚ್ಚಿದ್ರೆ ಕೆರೆಯೋದು ಬೇಡ”

ಹಸಿ ಅಡಿಕೆ ಸುಲಿದ ಕೈ ಕಪ್ಪು, ಮೆಟ್ಟುಗತ್ತಿಯೂ ಕಪ್ಪು. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದ್ದರ ಗುರುತು ಅದು. ಅನೇಕ ರಸ್ಟ್ ಕನ್ವರ್ಟರುಗಳು ಮಾಡುವುದೂ ಇದನ್ನೇ: ಟ್ಯಾನಿಕ್ ಆಮ್ಲ ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಲೋಹಕ್ಕೆ ಗಟ್ಟಿಯಾಗಿ ಅಂಟಿರುವ ತೆಳುವಾದ ತುಕ್ಕಿಗೆ ಇದು ಸರಿ. ಚಕ್ಕೆ ಎದ್ದ ತುಕ್ಕಿನ ಮೇಲ್ಮೈ ಮಾತ್ರ ಕಪ್ಪಾಗಿ, ಒಳಗೆ ಅದು ತನ್ನ ಪಾಡಿಗೆ ಬೆಳೆಯುತ್ತದೆ. ವೈರ್ ಬ್ರಶ್ಶಿಗೆ ರಜೆ ಇಲ್ಲ. ಮ್ಯಾನಿಫೋಲ್ಡಿಗಂತೂ ಕನ್ವರ್ಟರ್ ಬೇಡವೇ ಬೇಡ, ಬರಿಯ ಲೋಹ ಕಾಣುವವರೆಗೆ ಉಜ್ಜಬೇಕು.

“ಹೊರಗೆ ಮಳೆ ಇದ್ರೇನು, ಮಾಡಿನ ಅಡಿಗೆ ಹೊಡೀತ್ನಲಿ”

ಮಳೆಹನಿ ತಾಗದಿದ್ದರೆ ಸಾಲದು, ಗಾಳಿಯಲ್ಲಿನ ತೇವ ಲೋಹದ ಮೇಲೆ ಕೂರಬಾರದು. ಲೋಹದ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬುದು ಬಣ್ಣದ ಕೆಲಸದ ಎಲ್ಲ ಕಡೆಯ ನಿಯಮ. ಜುಲೈಯಲ್ಲಿ ನಮ್ಮಲ್ಲಿ ಗಾಳಿ 24 ಡಿಗ್ರಿ, ತೇವಾಂಶ 90% ಇದ್ದರೆ ಇಬ್ಬನಿ ಕಟ್ಟುವುದು 22 ಡಿಗ್ರಿಯಲ್ಲಿ. ನಡುವಿನ ಅಂತರ ಎರಡೇ ಡಿಗ್ರಿ. ರಾತ್ರಿಯಿಡೀ ಕೊಟ್ಟಿಗೆಯಲ್ಲಿ ತಣ್ಣಗಿದ್ದ ಬ್ಲಾಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಇದ್ದೇ ಇರುತ್ತದೆ. ಬಣ್ಣ ಬಿಳಿಚಿಕೊಳ್ಳುವುದು, ಹೊಳಪು ಬಾರದಿರುವುದು ಇದರಿಂದಲೇ. ಅದೇ ಬೇಸಗೆಯಲ್ಲಿ 30 ಡಿಗ್ರಿ, 50% ಇದ್ದಾಗ ಈ ಅಂತರ ಹತ್ತು ಡಿಗ್ರಿಗೂ ಮಿಕ್ಕಿ. ಹಾಗಾಗಿ ಬಣ್ಣದ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಬೆಳಿಗ್ಗೆ ಹತ್ತರ ನಂತರ. ನವರಾತ್ರಿಯ ಹೊತ್ತಿಗೆ ನೆಲವೂ ಗೋಡೆಯೂ ಇನ್ನೂ ಥಂಡಿ ಬಿಟ್ಟಿರುವುದಿಲ್ಲ. ಪೂಜೆಗೆ ತೊಳೆದು ಒರೆಸಿದರೆ ದೇವರಿಗೇನೂ ಬೇಸರವಾಗಲಾರದು.

“ದಪ್ಪ ಬಳಿದಷ್ಟು ಬಾಳಿಕೆ” ಮತ್ತು “ಬಣ್ಣ ಹೊಡೆದ್ರೆ ಎಂಜಿನ್ ಬಿಸಿಯಾಗ್ತದೆ”

ಇವೆರಡನ್ನೂ ಒಬ್ಬರೇ ಹೇಳುವುದುಂಟು. ಸಿಲಿಕೋನ್ ಬಣ್ಣ ಒಂದು ಕೋಟಿಗೆ 20–25 ಮೈಕ್ರಾನ್ ಇದ್ದರೆ ಸಾಕು. ದಪ್ಪವಾದರೆ ಒಳಗಿನ ತಿನ್ನರ್ ಹೊರಬರಲಾಗದೆ ಗುಳ್ಳೆಯಾಗುತ್ತದೆ, ಲೋಹ ಹಿಗ್ಗಿ ಕುಗ್ಗುವಾಗ ಸೀಳುತ್ತದೆ. ಎರಡು ತೆಳು ಕೋಟು, ನಡುವೆ ಡಬ್ಬಿ ಹೇಳಿದಷ್ಟು ಬಿಡುವು.

ನೀರಿನಿಂದ ತಣಿಯುವ ಎಂಜಿನ್ನಿಗೆ ಬಣ್ಣದಿಂದ ಬಿಸಿ ಏರುವುದಿಲ್ಲ. ಅಲ್ಲಿ ಬಿಸಿಯನ್ನು ಸಾಗಿಸುವುದು ರೇಡಿಯೇಟರ್. ಆದರೆ ರೇಡಿಯೇಟರಿಗೂ ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳಿಗೂ ಬ್ರಶ್ಶಿನಿಂದ ದಪ್ಪಗೆ ಬಳಿಯಬಾರದು. ಸಂದು ಮುಚ್ಚಿದರೆ ಗಾಳಿ ಹಾಯುವುದಿಲ್ಲ. ಕಪ್ಪು ಬಣ್ಣವೇ ಬೇಕೆಂಬ ಹಟವೂ ಅನಗತ್ಯ: ಈ ಉಷ್ಣತೆಯಲ್ಲಿ ಬಿಳಿ, ಕಪ್ಪು, ನೀಲಿ ಬಣ್ಣಗಳೆಲ್ಲ ಬಿಸಿಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಸೂಸುತ್ತವೆ. ಹಿಂದೆ ಬೀಳುವುದು ಸಿಲ್ವರ್ ಮಾತ್ರ.

“ಹುಬ್ಬಳ್ಳಿಯಲ್ಲಿ ಪೌಡರ್ ಕೋಟಿಂಗ್ ಮಾಡಿಸಿದ್ರೆ ಮುಗೀತು”

ಟ್ಯಾಪೆಟ್ ಕವರ್, ಬ್ರಾಕೆಟ್, ಪುಲ್ಲಿಗಳಿಗೆ ನಿಜಕ್ಕೂ ಒಳ್ಳೆಯದು. 180–200 ಡಿಗ್ರಿಯಲ್ಲಿ ಬೇಯಿಸುವುದರಿಂದ ರಬ್ಬರ್, ಬೇರಿಂಗ್ ಇರುವ ಭಾಗ ಕೊಡುವಂತಿಲ್ಲ. ಬಿಸಿ ಅದಕ್ಕಿಂತ ಮೇಲೆ ಹೋಗುವ ಮ್ಯಾನಿಫೋಲ್ಡಿಗೆ ಅದು ನಿಲ್ಲುವುದೂ ಇಲ್ಲ.

“ಹಳೇ ಆಯಿಲ್ ಹಚ್ಚಿದ್ರೆ ತುಕ್ಕೇ ಬತ್ತಿಲ್ಲೆ”

ಚಾಸಿಗೆ ಹಳೆ ಆಯಿಲ್ ಹೊಡೆಸುವ ರೂಢಿ ಎಂಜಿನ್‌ವರೆಗೂ ಏರಿಬಂದಿದೆ. ಅದು ಧೂಳು ಹಿಡಿಯುತ್ತದೆ, ರಬ್ಬರ್ ಬುಶ್ಶುಗಳನ್ನು ಉಬ್ಬಿಸುತ್ತದೆ, ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಹೊಗೆಯೋ ಬೆಂಕಿಯೋ. ಮುಂದೆಂದಾದರೂ ಅಲ್ಲಿ ಬಣ್ಣ ನಿಲ್ಲಿಸಬೇಕೆಂದರೆ ಡೀಸೆಲ್, ಸೋಪು, ತಿನ್ನರ್‌ಗಳ ಸರಣಿ ಮೊದಲಿನಿಂದ.

“ಹೊಡೆದ ಮೇಲೆ ಪೂರ್ತಿ ಹೊಡೀಬೇಕು”

ಸೆನ್ಸರುಗಳು, ಬೆಲ್ಟ್ ಓಡುವ ಪುಲ್ಲಿಯ ಕೊರಕಲು, ಬ್ರೀದರ್ ತೂತು, ಪ್ಯಾಕಿಂಗ್ ಕೂರುವ ಮುಖ, ಇವಿಷ್ಟಕ್ಕೂ ಟೇಪು ಸುತ್ತಿ ಬಿಡಬೇಕು. ಕ್ಲಚ್ಚು, ಬ್ರೇಕಿನ ಮಾಸ್ಟರ್ ಸಿಲಿಂಡರಿನ ಅಡಿಯಲ್ಲಿ ಏನು ಹೊಡೆದರೂ ಬ್ರೇಕ್ ಆಯಿಲ್ ಒಂದು ಹನಿ ಸೋರಿದರೆ ಎನಾಮಲ್ ಸುಕ್ಕಾಗಿ ಏಳುತ್ತದೆ. ಮೊದಲು ಸೀಲ್ ನೋಡಿ. ಎಲ್ಲಕ್ಕಿಂತ ಹೆಚ್ಚು ಮರೆಯುವುದು ಬ್ಲಾಕಿನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿಯ ಬುಡವನ್ನು. ಅದರಡಿಗೆ ಬಣ್ಣ ಸೇರಿದರೆ ಕರೆಂಟು ಹಾಯುವುದಿಲ್ಲ, ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ. ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಆ ಬೋಲ್ಟು ಬಿಚ್ಚಿ, ಅಡಿಯ ಬಣ್ಣ ಕೆರೆದು, ಬಿಗಿ ಮಾಡಿ, ಮೇಲಿಂದ ಸ್ವಲ್ಪ ಗ್ರೀಸ್ ಸವರಿ ನೋಡಿ.