ಕಿತ್ತೂರು ಅರಮನೆಯ ಧ್ರುವ ಕಿಂಡಿ

ಹುಬ್ಬಳ್ಳಿಯ ತಾರಿಹಾಳಕ್ಕೆ ವಿಮಾನ ನಿಲ್ದಾಣ ನೆರೆ. ಅಲ್ಲಿ ಗಾಳಿ ಯಾವ ಕಡೆಯದೆಂದು ಬಟ್ಟೆಯ ಗಾಳಿಚೀಲ ಹೇಳುತ್ತದೆ. ಯುರೋಪಿನ ಮಹಲುಗಳ ನೆತ್ತಿಯಲ್ಲಿ ಇದೇ ಕೆಲಸಕ್ಕೆ ಲೋಹದ ಗಾಳಿಕೋಳಿ ಇರುತ್ತಿತ್ತು. ಅದರ ಬಾಲ ಅಗಲ, ಮೂತಿ ಚಿಕ್ಕದು; ಗಾಳಿ ಬಾಲವನ್ನು ತಳ್ಳಿದಂತೆ ಮೂತಿ ಗಾಳಿ ಬರುವ ದಿಕ್ಕಿಗೆ ಹೊರಳುತ್ತದೆ. ನಮ್ಮ ದೇಸಾಯರ ವಾಡೆಗಳಿಗೆ ಆ ರೂಢಿ ಇರಲಿಲ್ಲ. ಆದರೆ ತಾರಿಹಾಳದ ಬೈಪಾಸ್ ಹಿಡಿದು, ನರೇಂದ್ರ ದಾಟಿ ಕಿತ್ತೂರಿಗೆ ಹೋದರೆ, ಹಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಕೊಳವೆ ಕಿಂಡಿಯನ್ನು ತೋರಿಸುತ್ತಾರೆ.

ಕಿತ್ತೂರು ಸುಮಾರು 15.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಧ್ರುವ ಕಾಣುವುದೂ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಕೊಳವೆಯ ಓರೆಯನ್ನು ಇದಕ್ಕೆ ಸರಿಹೊಂದಿಸಬೇಕು. ಒಂದು ತೊಡಕೂ ಇದೆ: ಧ್ರುವ ನಾವಂದುಕೊಂಡಷ್ಟು ಅಚಲವಲ್ಲ. ಇಂದು ಅದು ನಿಜವಾದ ಉತ್ತರಬಿಂದುವಿನಿಂದ ಮುಕ್ಕಾಲು ಡಿಗ್ರಿಯೊಳಗಿದೆ. 1700ರ ಸುಮಾರಿಗೆ ಎರಡು ಡಿಗ್ರಿಗೂ ಹೆಚ್ಚು ದೂರವಿತ್ತು. ಕೊಳವೆ ತೀರಾ ಸಪೂರವಾಗಿದ್ದರೆ ಆಗ ನಕ್ಷತ್ರ ಇಡೀ ರಾತ್ರಿ ಕಣ್ಣಿಗೆ ಸಿಕ್ಕುತ್ತಿರಲಿಲ್ಲ.

ಈ ಕಿಂಡಿಯನ್ನು ಇಟ್ಟುಕೊಂಡ ಮನೆತನ ಮಾತ್ರ ಗಾಳಿಯ ಲೆಕ್ಕದಲ್ಲೇ ಬದುಕಿದ್ದು. 1585ರ ಸುಮಾರಿಗೆ ವಿಜಾಪುರದ ಸೈನ್ಯದೊಂದಿಗೆ ಬಂದ ಹಿರೇಮಲ್ಲಶೆಟ್ಟಿಗೆ ಹುಬ್ಬಳ್ಳಿ ಸೀಮೆಯ ಸರದೇಶಮುಖಿ ಸಿಕ್ಕಿತು. ಮೊದಲು ಸಂಪಗಾವಿಯಲ್ಲಿ ನೆಲೆಸಿದ ಮನೆತನವನ್ನು ಅಲ್ಲಪ್ಪಗೌಡ ಸರದೇಸಾಯಿ ಕಿತ್ತೂರಿಗೆ ತಂದ. ಆದಿಲಶಾಹಿ ಹೋಯಿತು, ಸವಣೂರಿನ ನವಾಬರು ಬಂದರು, ಪೇಶ್ವೆ ಬಂದರು. 1785ರಲ್ಲಿ ಟಿಪ್ಪು ಕಿತ್ತೂರಿನ ದೇಸಾಯಿ ಮಲ್ಲಸರ್ಜನನ್ನು ಸೆರೆಹಿಡಿದ. ತಪ್ಪಿಸಿಕೊಂಡು ಬಂದ ದೇಸಾಯಿ 1809ರಲ್ಲಿ ಪೇಶ್ವೆಗೆ ವರ್ಷಕ್ಕೆ 1.75 ಲಕ್ಷ ರೂಪಾಯಿ ಕೊಡಲು ಒಪ್ಪಿ ಸಂಸ್ಥಾನ ಉಳಿಸಿಕೊಂಡ. 1818ರಲ್ಲಿ ಮಗ ಶಿವಲಿಂಗರುದ್ರಸರ್ಜ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಇಂಗ್ಲಿಷರಿಗೇ ನೆರವಾದ. ಇದನ್ನು ಹೇಡಿತನವೆನ್ನಲಾರೆ, ನಡುವೆ ಸಿಕ್ಕ ಸಣ್ಣ ಸಂಸ್ಥಾನಕ್ಕೆ ಬೇರೆ ದಾರಿ ಎಲ್ಲಿತ್ತು?

ಹೊರಳಲು ಆಗದ ಗಾಳಿ ಬೀಸಿದ್ದು 1824ರಲ್ಲಿ. ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದೆ ಖಜಾನೆಗೆ ಮುದ್ರೆ ಒತ್ತಿಸಿದ. ಮಲ್ಲಸರ್ಜನ ಹೆಂಡತಿ ಚನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಕಿತ್ತೂರಿಗಾಗಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಉಳಿದದ್ದು ಗೋಡೆಗಳು. ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ, ಮೆರವಣಿಗೆಗೂ ವೇದಿಕೆಗೂ ಕೊರತೆಯಿಲ್ಲ. ಆ ದಿನಗಳಲ್ಲೇ ಒಂದು ಸಂಜೆ ದೀಪ ಆರಿಸಿ, ನಕ್ಷತ್ರ ಬಲ್ಲವರೊಬ್ಬರನ್ನು ಕರೆಸಿ, ಕಿಂಡಿಯ ಓರೆ ಅಳೆದು, ಶಾಲೆಯ ಮಕ್ಕಳಿಗೆ ಧ್ರುವ ತೋರಿಸುವ ಏರ್ಪಾಡನ್ನು ಉತ್ಸವದವರು ಮಾಡಬೇಕು.